ಖಜಾನೆ ಕೊಟ್ಟರೆ ಹೊಣೆ ತೀರೀತೆ?

1947ರ ಸೆಪ್ಟೆಂಬರ್‌ನಲ್ಲಿ ಅಮೃತಸರದ ಒಬ್ಬ ಚಿನ್ನದ ವ್ಯಾಪಾರಿ ಮೀರತ್‌ಗೆ ಬಂದಿಳಿದ. ಮಾರಲೆಂದು ತಂದಿದ್ದ ನೂರು ತೊಲಕ್ಕೂ ಮಿಕ್ಕಿದ ಚಿನ್ನವನ್ನು ಪೊಲೀಸರು ಕಳವಿನ ಮಾಲಿರಬಹುದೆಂಬ ಅನುಮಾನದ ಮೇಲೆ ಜಪ್ತಿ ಮಾಡಿದರು. ಅವನನ್ನೂ ಲಾಕಪ್ಪಿಗೆ ಹಾಕಿದರು. ಮರುದಿನ ಬಿಡುಗಡೆಯೇನೋ ಆಯಿತು. ಜೊತೆಗೆ ಹಿಡಿದಿದ್ದ ಬೆಳ್ಳಿಯೂ ಮರಳಿ ಬಂತು. ಚಿನ್ನ ಮಾತ್ರ ಬರಲಿಲ್ಲ. ಠಾಣೆಯ ಹೆಡ್ ಕಾನ್‌ಸ್ಟೇಬಲ್ ಅದನ್ನು ಲಪಟಾಯಿಸಿ ಪಾಕಿಸ್ತಾನಕ್ಕೆ ಪರಾರಿಯಾಗಿದ್ದ. ಕಸ್ತೂರಿಲಾಲ್ ರಲಿಯಾ ರಾಮ್ ಪ್ರಕರಣವೆಂದು ಹೆಸರಾದ ಈ ದಾವೆ ಸುಪ್ರೀಂ ಕೋರ್ಟ್ ತಲುಪಿದಾಗ ಪೊಲೀಸರ ನಿರ್ಲಕ್ಷ್ಯವನ್ನು ನ್ಯಾಯಾಲಯ ಒಪ್ಪಿತು. ಆದರೂ ಪರಿಹಾರ ಕೊಡಿಸಲಿಲ್ಲ. ಬಂಧನ, ಶೋಧ, ಜಪ್ತಿ ಇವೆಲ್ಲ ಸಾರ್ವಭೌಮ ಅಧಿಕಾರದ ಕೆಲಸಗಳು, ಅವುಗಳಲ್ಲಾದ ತಪ್ಪಿಗೆ ಸರ್ಕಾರ ನಷ್ಟ ತುಂಬಿಕೊಡಬೇಕಿಲ್ಲ ಎಂದಿತು. ಸಂವಿಧಾನ ಜಾರಿಗೆ ಬಂದು ಆಗಲೇ ಹದಿನಾಲ್ಕು ವರ್ಷ ಕಳೆದಿತ್ತು.

ಸಂವಿಧಾನದ ಮಾತುಗಳಲ್ಲಿ ಕೊರತೆಯಿರಲಿಲ್ಲ. 13ನೇ ವಿಧಿಯ ಪ್ರಕಾರ ಹಕ್ಕನ್ನು ಮೊಟಕುಗೊಳಿಸುವ ಕಾನೂನು ಅಷ್ಟರ ಮಟ್ಟಿಗೆ ಅಸಿಂಧು. 32 ಮತ್ತು 226ನೇ ವಿಧಿಗಳು ಸುಪ್ರೀಂ ಕೋರ್ಟಿನ, ಹೈಕೋರ್ಟಿನ ಬಾಗಿಲು ತೆರೆದಿಟ್ಟಿವೆ. ಆದರೆ ಹಕ್ಕು ಮುರಿದೇಹೋದ ಮೇಲೆ ಏನು? ಅಕ್ರಮವಾಗಿ ಬಂಧಿಸಿದವನನ್ನು ಬಿಡಿ ಎಂದು ಆದೇಶಿಸಬಹುದು. ಠಾಣೆಯಲ್ಲೇ ಸತ್ತವನನ್ನು ಬಿಡಿಸಿಕೊಂಡು ಬರುವುದು ಎಲ್ಲಿಂದ? ಮುರಿದವರ ಮೇಲೆ ಯಾವ ಭಾರವೂ ಬೀಳದಿದ್ದರೆ ಹಕ್ಕು ಅಧಿಕಾರವನ್ನು ಕಟ್ಟಿಹಾಕಿದಂತಾಗುವುದಿಲ್ಲ.

ಈ ಭಾರವನ್ನು ಮೊದಲು ಹೊರಿಸಿದವರು ಯಾರೆಂಬುದು ನಮ್ಮ ನ್ಯಾಯಾಂಗದ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡುವ ಸಂಗತಿ. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಎಡಿಎಂ ಜಬಲ್ಪುರ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೈಕಿ ನಾಲ್ವರು, ಬಂಧಿತನಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವ ಹಕ್ಕೂ ಇಲ್ಲವೆಂದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ನಾಲ್ವರಲ್ಲಿ ವೈ.ವಿ. ಚಂದ್ರಚೂಡ್ ಒಬ್ಬರು. ಅದೇ ಚಂದ್ರಚೂಡ್ 1983ರಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿ ರುದುಲ್ ಸಾಹ್ ಪ್ರಕರಣದ ತೀರ್ಪು ಬರೆದರು. ಬಿಹಾರದ ಮುಜಫ್ಫರ್‌ಪುರ ಜೈಲಿನಲ್ಲಿದ್ದ ಆತ 1968ರಲ್ಲೇ ಖುಲಾಸೆಯಾಗಿದ್ದ, ಹೊರಬಂದದ್ದು 1982ರಲ್ಲಿ. ಹದಿನಾಲ್ಕು ವರ್ಷ ಒಬ್ಬ ನಿರ್ದೋಷಿಯನ್ನು ಜೈಲಿನಲ್ಲಿಟ್ಟ ಸರ್ಕಾರದ ಬಳಿ ನಂಬುವಂಥ ಉತ್ತರವಿರಲಿಲ್ಲ. ಬಿಡುಗಡೆಯ ಆದೇಶ ಕೊಟ್ಟು ಸುಮ್ಮನಾದರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ 21ನೇ ವಿಧಿ ಸತ್ವ ಕಳೆದುಕೊಳ್ಳುತ್ತದೆ ಎಂದು ಚಂದ್ರಚೂಡ್ 30,000 ರೂಪಾಯಿ ಕೊಡಿಸಿದರು. ಹದಿನಾಲ್ಕು ವರ್ಷದ ಬದುಕಿಗೆ ಅದು ಯಾವ ಮೂಲೆಗೆ? ಆದರೆ ಮೂಲಭೂತ ಹಕ್ಕನ್ನು ಮುರಿದ ಸರ್ಕಾರ ರಿಟ್ ಅರ್ಜಿಯಲ್ಲೇ ದುಡ್ಡು ತೆರಬೇಕಾಗುತ್ತದೆ ಎಂಬುದು ಅಂದು ನೆಲೆನಿಂತಿತು.

ಒಡಿಶಾದ ತಾಯಿಯೊಬ್ಬರ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿದ್ದ ಸುಪ್ರೀಂ ಕೋರ್ಟ್, ಹತ್ತು ವರ್ಷದ ನಂತರ ಅದರ ತೀರ್ಪು ಕೊಟ್ಟಿತು. ಪೊಲೀಸರು ಕರೆದೊಯ್ದಿದ್ದ ಇಪ್ಪತ್ತೆರಡರ ಮಗ ಮರುದಿನ ರೈಲು ಹಳಿಯ ಪಕ್ಕ ಶವವಾಗಿ ಸಿಕ್ಕಿದ್ದ. ನೀಲಬತಿ ಬೆಹೆರಾ ಪ್ರಕರಣದ ಈ ತೀರ್ಪಿನಲ್ಲಿ ನ್ಯಾಯಮೂರ್ತಿ ಜೆ.ಎಸ್. ವರ್ಮಾ, ಮೂಲಭೂತ ಹಕ್ಕಿನ ಪ್ರಶ್ನೆ ಬಂದಾಗ ಸಾರ್ವಭೌಮ ವಿನಾಯಿತಿಯ ವಾದ ನಡೆಯದು ಎಂದರು. ಕಸ್ತೂರಿಲಾಲ್ ತೀರ್ಪಿನ ಹಲ್ಲು ಇಲ್ಲಿ ಕಿತ್ತುಹೋಯಿತು. ಅವರು ಆಸರೆಗೆ ಹಿಡಿದದ್ದರಲ್ಲಿ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯೂ ಒಂದು. ಅಕ್ರಮ ಬಂಧನಕ್ಕೆ ಪರಿಹಾರ ಕೊಡಬೇಕೆಂಬ ಅದರ ಕಲಮನ್ನು ಭಾರತ 1979ರಲ್ಲಿ ಷರತ್ತು ಹಾಕಿಯೇ ದೂರ ಇಟ್ಟಿತ್ತು. ದೆಹಲಿ ಹೊರಜಗತ್ತಿಗೆ ಒಲ್ಲೆನೆಂದದ್ದನ್ನು ದೇಶದ ನ್ಯಾಯಾಲಯ ಒಳಗಿನ ಪ್ರಜೆಗೆ ಕೊಡಿಸಿತು.

ಪರಿಹಾರದ ಹೊಣೆ ಗೊತ್ತುಮಾಡುವುದು ಶಾಸಕಾಂಗದ ಕೆಲಸ, ನ್ಯಾಯಮೂರ್ತಿಗಳು ಗೆರೆ ದಾಟಿದರು ಎನ್ನುವವರಿದ್ದಾರೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಖಜಾನೆಯ ಹಣದ ಬಗ್ಗೆ ತೀರ್ಮಾನಿಸಬೇಕಾದವರು ಚುನಾಯಿತರೇ. ಆದರೆ ಸರ್ಕಾರದ ಹೊಣೆಯನ್ನು ಕಾನೂನಿನಲ್ಲಿ ಗೊತ್ತುಪಡಿಸಿ ಎಂದು ಕಾನೂನು ಆಯೋಗ ತನ್ನ ಮೊದಲ ವರದಿಯಲ್ಲೇ, 1956ರಲ್ಲಿ, ಹೇಳಿತ್ತು. 1965ರಲ್ಲೂ 1967ರಲ್ಲೂ ಮಸೂದೆಗಳು ಬಂದವು, ಕಾನೂನಾಗದೆ ಬಿದ್ದುಹೋದವು. ಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ 1997ರಲ್ಲಿ ಭಾರತ ಸಹಿ ಹಾಕಿತು. ಅನುಮೋದನೆ ಇನ್ನೂ ಬಾಕಿ. ಸಂಸತ್ತು ಇಷ್ಟು ಕಾಲ ಕೈಕಟ್ಟಿ ಕೂತಿರುವಾಗ, ಮಗನನ್ನು ಕಳೆದುಕೊಂಡ ತಾಯಿಯನ್ನು ನ್ಯಾಯಾಲಯವೂ ಬರಿಗೈಯಲ್ಲಿ ಕಳಿಸಬೇಕಿತ್ತೆ?

ನನ್ನ ಅತೃಪ್ತಿ ಬೇರೆಯದು. ಪರಿಹಾರ ಹೋಗುವುದು ಖಜಾನೆಯಿಂದ. ಬಡಿದ ಕೈಗೆ, ಬಡಿಯುವಾಗ ಪಕ್ಕದ ಕೋಣೆಯಲ್ಲಿ ಕೂತಿದ್ದ ಮೇಲಧಿಕಾರಿಗೆ ಅದರ ಬಿಸಿ ತಟ್ಟುವುದಿಲ್ಲ. ಸರ್ಕಾರ ಮೊದಲು ಕೊಟ್ಟು ಆಮೇಲೆ ತಪ್ಪಿತಸ್ಥರಿಂದ ವಸೂಲು ಮಾಡಲು ಅಡ್ಡಿಯಿಲ್ಲ. ಆದರೆ ವಸೂಲು ಮಾಡುವುದು ಅದೇ ಇಲಾಖೆಯ ಇಚ್ಛೆಗೆ ಬಿಟ್ಟ ಮಾತಾದರೆ ಕಡತ ಮುಂದೆ ಸಾಗುವುದಿಲ್ಲ. ಕ್ರಿಮಿನಲ್ ಮೊಕದ್ದಮೆಗೆ ಸರ್ಕಾರದ ಪೂರ್ವಾನುಮತಿಯ ಗೋಡೆ ಅಡ್ಡ ನಿಲ್ಲುತ್ತದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ 120 ದಿನದೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆಯೇ ಲೆಕ್ಕ. ಇದು ಒಳ್ಳೆಯ ಬದಲಾವಣೆ. ಆದರೂ ಪರಿಹಾರದ ಆದೇಶದಲ್ಲೇ ವಸೂಲಾತಿಯ ಗಡುವು ಹಾಕಿ, ಅದರ ವರದಿಯನ್ನು ನ್ಯಾಯಾಲಯ ತಾನೇ ತರಿಸಿಕೊಳ್ಳಬೇಕು. ಹೀಗೆ ಮಾಡಿದರೆ ಅಧಿಕಾರಿಗಳು ಹೆದರಿ ಕೆಲಸವನ್ನೇ ಮಾಡುವುದಿಲ್ಲ ಎನ್ನುತ್ತಾರೆ. ಹೊಡೆಯಲು ಹೆದರುವ ಪೊಲೀಸ್ ಅಧಿಕಾರಿಯಿಂದ ಸಮಾಜಕ್ಕೆ ನಷ್ಟವೇನು?

ಇನ್ನೊಂದು ಗಂಟು ಗುತ್ತಿಗೆಯದು. ಮೂಲಭೂತ ಹಕ್ಕುಗಳಿಗೆ ಉತ್ತರ ಕೊಡಬೇಕಾದವರು ಯಾರೆಂದು ಹೇಳುವ ಸಂವಿಧಾನದ 12ನೇ ವಿಧಿ ಸರ್ಕಾರ, ಶಾಸಕಾಂಗ, ಸ್ಥಳೀಯ ಸಂಸ್ಥೆಗಳ ಜೊತೆಗೆ ‘ಇತರ ಪ್ರಾಧಿಕಾರ’ಗಳನ್ನೂ ‘ರಾಜ್ಯ’ ಎನ್ನುತ್ತದೆ. 1967ರಲ್ಲಿ ರಾಜಸ್ಥಾನದ ವಿದ್ಯುತ್ ಮಂಡಳಿ ಅದರೊಳಗೆ ಬಂತು. 2005ರಲ್ಲಿ ಕ್ರಿಕೆಟ್ ಮಂಡಳಿ ಹೊರಗುಳಿಯಿತು. ಹಣ ಯಾರದು, ಆಡಳಿತದ ಹಿಡಿತ ಯಾರದು ಎಂದು ನ್ಯಾಯಾಲಯ ಅಳೆಯುತ್ತದೆ. ಇಂದು ಊರಿನ ಕಸ, ಒಳಚರಂಡಿ, ಆಸ್ಪತ್ರೆಯ ಸ್ವಚ್ಛತೆ ಗುತ್ತಿಗೆದಾರರ ಕೈಗೆ ಹೋಗಿರುವಾಗ ಆ ಅಳತೆ ಸಾಲದು. ಮ್ಯಾನ್‌ಹೋಲಿಗೆ ಇಳಿದವನು ಉಸಿರುಕಟ್ಟಿ ಸತ್ತರೆ ‘ಅವನು ನಮ್ಮ ನೌಕರನಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. 2011ರಲ್ಲಿ ದೆಹಲಿ ಜಲ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಜಾರಿಕೆಯನ್ನು ಒಪ್ಪಲಿಲ್ಲ. 2023ರಲ್ಲಿ ಒಳಚರಂಡಿ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದಾಗ, ಗುತ್ತಿಗೆದಾರರನ್ನೂ ಹೊಣೆಗಾರಿಕೆಯ ವ್ಯಾಪ್ತಿಗೆ ತರಬೇಕೆಂದಿತು. ಈ ದಾರಿಯಲ್ಲಿ ಇನ್ನೂ ಮುಂದೆ ಹೋಗಬೇಕು. ಊರಿನ ಮಲ ಸಾಗಿಸುವುದು ನಗರಾಡಳಿತದ ಕೆಲಸವಾಗಿರುವಾಗ, ಟೆಂಡರ್ ಯಾರಿಗೆ ಸಿಕ್ಕಿದರೂ ಒಳಗೆ ಇಳಿದವನ ಜೀವದ ಹಕ್ಕಿಗೆ ಉತ್ತರ ಕೊಡಬೇಕಾದುದು ಆ ನಗರಾಡಳಿತವೇ. ಅದು ಸತ್ತವನ ಮನೆಗೆ ಮೊದಲು ಹಣ ಮುಟ್ಟಿಸಲಿ, ಗುತ್ತಿಗೆದಾರನೊಂದಿಗಿನ ಲೆಕ್ಕವನ್ನು ಆಮೇಲೆ ಬಗೆಹರಿಸಿಕೊಳ್ಳಲಿ.