ಹಳೆಯ ಬಿಡಿಭಾಗಗಳ ಗುರುತು: ಊಹೆಯ ವ್ಯಾಪಾರಕ್ಕೆ ಕಡಿವಾಣ ಅಗತ್ಯ

ಅಡಿಕೆ, ಕೊಬ್ಬರಿ, ಹತ್ತಿ ಹಾಗೂ ಎಣ್ಣೆಕಾಳುಗಳ ಹಂಗಾಮನ್ನು ನೆಚ್ಚಿಕೊಂಡಿರುವ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯ ಸಣ್ಣ ಘಟಕಗಳಲ್ಲಿ ಹಳೆಯ ಯಂತ್ರಗಳು ಇಂದಿಗೂ ದುಡಿಯುತ್ತಿರುವುದು ಎಲ್ಲರೂ ಬಲ್ಲ ಸಂಗತಿ. ಯಂತ್ರದ ಕಬ್ಬಿಣಕ್ಕೆ ಮುಪ್ಪು ಬರುವ ಮೊದಲೇ ಅದರ ಕಂಟ್ರೋಲ್ ಕಾರ್ಡ್, ಸ್ಟೆಬಿಲೈಸರ್ ಅಥವಾ ಬ್ಯಾಟರಿ ಚಾರ್ಜರ್ ಕೈಕೊಡುತ್ತದೆ. ಸುಟ್ಟಿರುವುದು ಕೆಲವೇ ರೂಪಾಯಿ ಬೆಲೆಯ ಒಂದು ಬಿಡಿಭಾಗ. ಆದರೆ ಅದರ ಮೇಲಿನ ಅಕ್ಷರ ಮಾಸಿರುತ್ತದೆ. ಅದು ಯಾವುದೆಂದು ಹೇಳಬಲ್ಲವರಿಲ್ಲದೆ ಇಡೀ ಪ್ಯಾನೆಲ್ ಗುಜರಿಗೆ ಹೋಗುತ್ತದೆ, ಇಲ್ಲವೇ ನೋಡಲು ಅದರಂತೆಯೇ ಇರುವ ಇನ್ನೊಂದನ್ನು ಬೆಸುಗೆ ಹಾಕಿ ಯಂತ್ರವನ್ನು ಮತ್ತೆ ಸುಡಲಾಗುತ್ತದೆ. ಈ ಎರಡೂ ನಷ್ಟಗಳಿಗೆ ಮೂಲ ಊಹೆಯೇ ಹೊರತು ಬಿಡಿಭಾಗದ ಕೊರತೆಯಲ್ಲ.

1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1960ರ ದಶಕದ ಆರಂಭದಲ್ಲಿಯೇ ರೇಡಿಯೋ ವಾಲ್ವ್ ಮತ್ತು ಟ್ರಾನ್ಸಿಸ್ಟರ್‌ಗಳ ತಯಾರಿಕೆಗೆ ಇಳಿಯಿತು. ಅಂದಿನ ಜರ್ಮೇನಿಯಂ ಮಾದರಿಗಳು ಇಂದಿನ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಆದರೂ ಅವುಗಳ ಹೆಸರಿನಲ್ಲಿಯೇ ಅವುಗಳ ಕುಲಗೋತ್ರ ಅಡಗಿದೆ. ಯುರೋಪಿನ ಪದ್ಧತಿಯಲ್ಲಿ ಮೊದಲಕ್ಷರ 'ಎ' ಇದ್ದರೆ ಜರ್ಮೇನಿಯಂ, 'ಬಿ' ಇದ್ದರೆ ಸಿಲಿಕಾನ್. ಎರಡನೆಯ ಅಕ್ಷರ 'ಸಿ' ಎಂದರೆ ಕಡಿಮೆ ಶಕ್ತಿಯ, 'ಡಿ' ಎಂದರೆ ಹೆಚ್ಚು ಶಕ್ತಿಯ ಟ್ರಾನ್ಸಿಸ್ಟರ್, 'ವೈ' ಎಂದರೆ ರೆಕ್ಟಿಫೈಯರ್ ಡಯೋಡ್. ಅಮೆರಿಕದ ಪದ್ಧತಿಯಲ್ಲಿ '1ಎನ್' ಡಯೋಡನ್ನೂ '2ಎನ್' ಟ್ರಾನ್ಸಿಸ್ಟರನ್ನೂ ಸೂಚಿಸುತ್ತದೆ. ಜಪಾನಿನ '2ಎಸ್‌ಸಿ1815' ಎಂಬುದು ಬಿಡಿಭಾಗದ ಮೇಲೆ ಕೇವಲ 'ಸಿ1815' ಎಂದು ಅಚ್ಚಾಗಿರುತ್ತದೆ.

ಇಲ್ಲಿಯೇ ಎಚ್ಚರ ಅಗತ್ಯ. ಸಿ1815 ಮತ್ತು ಬಿಸಿ547 ನೋಡಲು ಒಂದೇ ಬಗೆಯ ಪುಟ್ಟ ಕಪ್ಪು ತುಂಡುಗಳು. ಆದರೆ ಮೊದಲನೆಯದರ ನಡುಗಾಲು ಕಲೆಕ್ಟರ್, ಎರಡನೆಯದರ ನಡುಗಾಲು ಬೇಸ್. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಹಾಗೆಯೇ ಕೂರಿಸಿದರೆ ಮಂಡಲ ಕೆಲಸ ಮಾಡದು. ಐ.ಸಿ.ಯ ಮೇಲಿನ '7408' ಅದರ ಮಾದರಿ ಸಂಖ್ಯೆಯೂ ಆಗಿರಬಹುದು, 1974ರ ಎಂಟನೆಯ ವಾರದಲ್ಲಿ ತಯಾರಾಯಿತೆಂಬ ಗುರುತೂ ಆಗಿರಬಹುದು. ಅಕ್ಷರ ಪೂರ್ಣ ಅಳಿಸಿದ್ದರೂ ದಾರಿಯಿದೆ: ಮಲ್ಟಿಮೀಟರಿನ ಡಯೋಡ್ ಪರೀಕ್ಷೆಯಲ್ಲಿ ಸಿಲಿಕಾನ್ ಸುಮಾರು 0.6ರಿಂದ 0.7 ವೋಲ್ಟ್ ತೋರಿದರೆ ಜರ್ಮೇನಿಯಂ 0.2ರಿಂದ 0.3ರ ಆಸುಪಾಸಿನಲ್ಲಿರುತ್ತದೆ. ಸುಟ್ಟ ಭಾಗದ ಜೋಡಿ ಅದೇ ಕಾರ್ಡಿನಲ್ಲಿ ಇನ್ನೊಂದೆಡೆ ಇದ್ದರೆ ಅದನ್ನು ಪರೀಕ್ಷಿಸಿ ತಿಳಿಯಬಹುದು.

ಇಷ್ಟು ಶ್ರಮಕ್ಕಿಂತ ಹೊಸ ಪ್ಯಾನೆಲ್ ಕೊಳ್ಳುವುದೇ ಲೇಸೆಂಬ ವಾದವುಂಟು. ಪದೇಪದೇ ಕೆಡುವ ಅಥವಾ ಕಾರ್ಮಿಕರ ಸುರಕ್ಷತೆಗೆ ಕುಂದು ತರುವ ಪ್ಯಾನೆಲ್ ವಿಷಯದಲ್ಲಿ ಆ ವಾದ ಸರಿ. ಹಳೆಯ ಎಣ್ಣೆ ತುಂಬಿದ ಕೆಪಾಸಿಟರ್‌ಗಳಲ್ಲಿ ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ವಿಷವಸ್ತು ಇರುವ ಸಂಭವವಿದ್ದು, ಕೇಂದ್ರ ಸರ್ಕಾರದ 2016ರ ಆದೇಶವು ಅದರ ಬಳಕೆಯನ್ನು ಕೊನೆಗೊಳಿಸಲು 2025ರ ಡಿಸೆಂಬರ್ 31ರ ಗಡುವು ವಿಧಿಸಿದೆ. ಇಂತಹವನ್ನು ಬಿಚ್ಚುವುದಾಗಲಿ ಸಾಮಾನ್ಯ ಗುಜರಿಗೆ ಹಾಕುವುದಾಗಲಿ ಸಲ್ಲದು. ಏನನ್ನು ಉಳಿಸಬೇಕು, ಏನನ್ನು ತೆಗೆಯಬೇಕೆಂಬ ನಿರ್ಧಾರಕ್ಕೂ ಮೊದಲು ಗುರುತು ತಿಳಿಯಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಉಳಿದ ಯಂತ್ರಗಳ ಮಟ್ಟಿಗೆ, ಒಂದು ಟ್ರಾನ್ಸಿಸ್ಟರಿಗಾಗಿ ಇಡೀ ಪ್ಯಾನೆಲ್ ಬದಲಿಸುವುದು ಹೆಂಚು ಒಡೆದಿತೆಂದು ಮನೆ ಕೆಡವಿದಂತೆ.

ಪರಿಹಾರಕ್ಕೆ ಹೆಚ್ಚಿನ ಬಂಡವಾಳ ಬೇಕಿಲ್ಲ. ಯಂತ್ರ ಚೆನ್ನಾಗಿ ನಡೆಯುತ್ತಿರುವಾಗಲೇ, ವಿದ್ಯುತ್ ಸಂಪರ್ಕ ಕಡಿದು, ಕೆಪಾಸಿಟರ್‌ಗಳ ಚಾರ್ಜ್ ಇಳಿಸಿದ ಮೇಲೆ, ಪ್ರತಿ ಕಾರ್ಡಿನ ಛಾಯಾಚಿತ್ರ ತೆಗೆದಿಡಬೇಕು; ಬಿಡಿಭಾಗಗಳ ಸಂಖ್ಯೆ, ಕೂರಿಸಿದ ದಿಕ್ಕು, ಬದಲಿಸಿದ ದಿನಾಂಕಗಳನ್ನು ಒಂದು ಪುಸ್ತಕದಲ್ಲಿ ದಾಖಲಿಸಬೇಕು. ಸುಟ್ಟ ಭಾಗವನ್ನು ಎಸೆಯದೆ ಚೀಟಿ ಅಂಟಿಸಿ ಇಡಬೇಕು. ಬಿಡಿಭಾಗ ಮಾರುವ ವರ್ತಕರೂ 'ಇದೇ ತರಹದ್ದು' ಎಂದು ಕೊಡುವ ಬದಲು, ಇದು ಮೂಲ ಮಾದರಿಯೋ ಪರ್ಯಾಯವೋ, ಪರ್ಯಾಯವಾದರೆ ಕಾಲುಗಳ ಕ್ರಮ ಯಾವುದು ಎಂಬುದನ್ನು ಬಿಲ್ಲಿನ ಮೇಲೆಯೇ ಬರೆದುಕೊಡುವುದು ಉಚಿತ. ನಾಲ್ಕೂ ಊರುಗಳ ಉದ್ಯಮಿಗಳು ತಮ್ಮ ಪಟ್ಟಿಗಳನ್ನು ಪರಸ್ಪರ ಹಂಚಿಕೊಂಡರೆ ಒಂದೊಂದು ಬಿಡಿಭಾಗಕ್ಕೂ ಸುಮಾರು 200 ಕಿ.ಮೀ. ದೂರದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಅಲೆಯುವ ಪ್ರಮೇಯ ಕಡಿಮೆಯಾಗುತ್ತದೆ.

ತಕ್ಕಡಿಯಲ್ಲಿ ತೂಗದೆ ಮಾಲು ಕೊಳ್ಳದ ವರ್ತಕರು ಗುರುತು ತಿಳಿಯದೆ ಬಿಡಿಭಾಗ ಕೊಳ್ಳುವುದು ವ್ಯಾಪಾರಧರ್ಮಕ್ಕೆ ಒಪ್ಪುವಂತಹುದಲ್ಲ. ಮುಂದಿನ ಹಂಗಾಮು ಆರಂಭವಾಗುವ ಮುನ್ನವೇ ಪ್ರತಿ ಘಟಕವೂ ಈ ದಾಖಲೆಯ ಕಾರ್ಯವನ್ನು ಕೈಗೊಳ್ಳುವುದು ಅಪೇಕ್ಷಣೀಯ.