ನೆಲದಡಿಯ ಕೊಳವೆ ಮತ್ತು ನೆಲದ ಮೇಲಿನ ರೈತ

2019ರ ಫೆಬ್ರವರಿ 10ರಂದು ಹುಬ್ಬಳ್ಳಿಯ ಸಮಾರಂಭದಲ್ಲಿ ಪ್ರಧಾನಮಂತ್ರಿಗಳು ಎರಡು ಯೋಜನೆಗಳನ್ನು ಒಂದೇ ವೇದಿಕೆಯಿಂದ ದೇಶಕ್ಕೆ ಸಮರ್ಪಿಸಿದರು. ಒಂದು, ಧಾರವಾಡ ಜಿಲ್ಲೆಯ ಮನೆ, ಕಾರ್ಖಾನೆ, ವಾಹನಗಳಿಗೆ ನೈಸರ್ಗಿಕ ಅನಿಲ ತಲುಪಿಸುವ ನಗರ ಅನಿಲ ವಿತರಣಾ ಯೋಜನೆ. ಇನ್ನೊಂದು, ಘಟ್ಟದ ಕೆಳಗೆ ಬಂಡೆ ಕೊರೆದು ನಿರ್ಮಿಸಿದ ಕಚ್ಚಾ ತೈಲದ ಭೂಗತ ಸಂಗ್ರಹಾಗಾರಗಳು: ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್. ಎರಡೂ ಕಣ್ಣಿಗೆ ಬೀಳುವ ವಸ್ತುಗಳಲ್ಲ. ಅಣೆಕಟ್ಟಿನ ಗೋಡೆಯಲ್ಲಿ ನೀರು ಜಿನುಗಿದರೆ ದನ ಕಾಯುವ ಹುಡುಗನೂ ಕಂಡು ಹೇಳಬಲ್ಲ. ಹೊಲದಡಿಯ ಉಕ್ಕಿನ ಕೊಳವೆ ಸವೆಯುತ್ತಿದ್ದರೆ ಆ ಹೊಲ ಉಳುವವನಿಗೂ ಗೊತ್ತಾಗದು. ಆದ್ದರಿಂದಲೇ ಇವುಗಳ ಸುಸ್ಥಿತಿಯ ಲೆಕ್ಕ ಕಂಪನಿಯ ಕಡತದಲ್ಲಿ ಮಾತ್ರವಲ್ಲದೆ ಗ್ರಾಮಸಭೆಯಲ್ಲಿಯೂ ಇರಬೇಕು ಎಂಬ ಬೇಡಿಕೆಯನ್ನು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಸಾಗುವ ಗೇಲ್ ಸಂಸ್ಥೆಯ ಅನಿಲ ಕೊಳವೆ 2013ರಲ್ಲಿ ಕಾರ್ಯಾರಂಭ ಮಾಡಿತು. ಸುಮಾರು ಒಂದು ಸಾವಿರ ಕಿಲೋಮೀಟರ್ ಉದ್ದದ ಈ ಮಾರ್ಗ ಬೆಳಗಾವಿ, ಧಾರವಾಡ ಜಿಲ್ಲೆಗಳನ್ನು ಹಾದು ದಾವಣಗೆರೆ, ಚಿತ್ರದುರ್ಗದ ಕಡೆಗೆ ಇಳಿಯುತ್ತದೆ. ಧಾರವಾಡ ಜಿಲ್ಲೆಯ ನೆಲ ಒಂದೇ ಬಗೆಯದಲ್ಲ. ಅಳ್ನಾವರ, ಕಲಘಟಗಿಯ ಕಡೆ ಮಲೆನಾಡಿನ ಸೆರಗಿನ ಕೆಂಪು ಮಣ್ಣು. ಹುಬ್ಬಳ್ಳಿ ದಾಟಿ ನವಲಗುಂದ, ಅಣ್ಣಿಗೇರಿಗೆ ಹೋದರೆ ಅಪ್ಪಟ ಎರೆ. ಎರೆಯ ಸ್ವಭಾವ ರೈತರಿಗೆ ಹೇಳಿಕೊಡಬೇಕಾದದ್ದೇನಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಮೊಳಕೈ ಇಳಿಯುವಷ್ಟು ಬಿರಿಯುತ್ತದೆ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಗುಣವಿದು. ಇಂತಹ ಮಣ್ಣು ಪ್ರತಿ ವರ್ಷವೂ ಕೊಳವೆಯ ಹೊದಿಕೆಯನ್ನು ಹಿಡಿದು ಎಳೆಯುತ್ತದೆ, ಬಿಡುತ್ತದೆ. ಅಲ್ಲದೆ ಒದ್ದೆ ಎರೆಯಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ, ಹೊದಿಕೆ ಹರಿದ ಜಾಗದಲ್ಲಿ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ.

ಇದಕ್ಕೆ ವಿಜ್ಞಾನ ಕಂಡುಕೊಂಡ ಉಪಾಯಗಳು ಸಾಮಾನ್ಯವಲ್ಲ. ಉಕ್ಕಿನ ಮೇಲೆ ಪಾಲಿಥೀನ್ ಹೊದಿಕೆ. ಜೊತೆಗೆ ಕೊಳವೆಗೆ ಸಣ್ಣ ಪ್ರಮಾಣದ ನೇರ ವಿದ್ಯುತ್ತನ್ನು ಹಾಯಿಸಿ, ಕೊಳವೆಯ ಬದಲು ಬೇರೊಂದು ಲೋಹದ ತುಂಡು ಸವೆಯುವಂತೆ ಮಾಡುವ ಕ್ಯಾಥೋಡಿಕ್ ರಕ್ಷಣೆ. ತಾಮ್ರದ ಸಲ್ಫೇಟ್ ತುಂಬಿದ ಮಾಪಕವನ್ನು ಮಣ್ಣಿಗೆ ತಾಗಿಸಿ ಅಳೆದಾಗ ಮೈನಸ್ 0.85 ವೋಲ್ಟ್ ಅಥವಾ ಅದಕ್ಕೂ ಕೆಳಗಿನ ಅಂಕಿ ಬಂದರೆ ರಕ್ಷಣೆ ಸರಿಯಾಗಿದೆ ಎಂದರ್ಥ. ಹೊಲದ ಬದುವಿನಲ್ಲಿ ಅಲ್ಲಲ್ಲಿ ನಿಂತಿರುವ ಕಂಬಗಳಲ್ಲಿ ಕೆಲವು ಈ ಅಳತೆಗಾಗಿಯೇ ಇರುವಂಥವು. ಕೊಳವೆಯೊಳಗೆ ಕಾಂತೀಯ ಯಂತ್ರವೊಂದನ್ನು ಹರಿಯಬಿಟ್ಟು ಗೋಡೆ ಎಲ್ಲಿ ತೆಳುವಾಗಿದೆ ಎಂದು ಪತ್ತೆಹಚ್ಚುವ ಕ್ರಮವೂ ಇದೆ. ಆ ಯಂತ್ರಕ್ಕೆ ಪಿಗ್, ಅಂದರೆ ಹಂದಿ, ಎಂದು ಹೆಸರು! ಹೆಸರು ಹೇಗಾದರೂ ಇರಲಿ, ಅದು ತರುವ ವರದಿ ಮುಖ್ಯ. ಆ ವರದಿಯ ಒಂದು ಸಾಲಾದರೂ ಕೊಳವೆಯ ಮೇಲೆ ಬದುಕುವವರ ಕಿವಿಗೆ ಬೀಳಬೇಡವೆ?

ಅಲಕ್ಷ್ಯದ ಫಲ ದೂರದ್ದೇನಲ್ಲ. 2014ರ ಜೂನ್ 27ರ ನಸುಕಿನಲ್ಲಿ ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ ಗೇಲ್ ಸಂಸ್ಥೆಯದೇ ಕೊಳವೆ ಸೋರಿ, ಅನಿಲ ಹೊತ್ತಿಕೊಂಡು 20ಕ್ಕೂ ಹೆಚ್ಚು ಜನ ಸತ್ತರು. ತೆಂಗಿನ ತೋಟಗಳು ನಿಂತಲ್ಲೇ ಸುಟ್ಟವು. ನೀರಿನಂಶವಿದ್ದ ಅನಿಲ ಕೊಳವೆಯನ್ನು ಒಳಗಿನಿಂದಲೇ ತಿಂದುಹಾಕಿತ್ತು. ಅದಕ್ಕೆ ಹತ್ತು ವರ್ಷ ಮೊದಲು, 2004ರ ಜುಲೈ 30ರಂದು, ಬೆಲ್ಜಿಯಂ ದೇಶದ ಗಿಲೆಂಗಿಯನ್ ಎಂಬಲ್ಲಿ 24 ಜನ ಸತ್ತ ದುರಂತದ ಕಾರಣ ಬೇರೆಯದು. ಅಲ್ಲಿನ ಕಾಮಗಾರಿಯಲ್ಲಿ ಯಂತ್ರವೊಂದು ಕೊಳವೆಯನ್ನು ಗೀರಿತ್ತು. ಆಗ ಏನೂ ಆಗಲಿಲ್ಲ. ಮುಂದೆ ಕೊಳವೆಯಲ್ಲಿ ಒತ್ತಡ ಏರಿದಾಗ ಗೀರು ಬಿದ್ದ ಜಾಗ ಸಿಡಿಯಿತು. ನೀರಿಗೆ, ಚರಂಡಿಗೆ, ಕೇಬಲ್ಲಿಗೆ ಎಂದು ವರ್ಷವಿಡೀ ರಸ್ತೆ ಅಗೆಯುವ ಹುಬ್ಬಳ್ಳಿ-ಧಾರವಾಡಕ್ಕೆ ಈ ಎರಡನೆಯ ಕಥೆಯೇ ಹೆಚ್ಚು ಹತ್ತಿರದ್ದು. ನಗರದ ಬೀದಿಗಳ ಹಳದಿ ಪಾಲಿಥೀನ್ ಕೊಳವೆಗೆ ತುಕ್ಕಿನ ಭಯವಿಲ್ಲ, ಜೆಸಿಬಿಯ ಭಯವಿದೆ.

ಇನ್ನು ಕಾನೂನಿನ ಮಾತು. 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗ ಕಾಯಿದೆಯ ಪ್ರಕಾರ ಭೂಮಿಯ ಒಡೆತನ ರೈತನಲ್ಲಿಯೇ ಉಳಿಯುತ್ತದೆ, ಬಳಕೆಯ ಹಕ್ಕು ಮಾತ್ರ ಕೊಳವೆಯವರ ಪಾಲಾಗುತ್ತದೆ. ಜೋಳ, ಕಡಲೆ ಬೆಳೆಯಬಹುದು. ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ಅಥವಾ ಕೆರೆ ತೋಡುವಂತಿಲ್ಲ, ಗಿಡ ನೆಡುವಂತಿಲ್ಲ. ಬೆಳೆಹಾನಿಯ ಪರಿಹಾರವನ್ನು ಬಿಟ್ಟರೆ, ಈ ಹಕ್ಕಿಗೆ ಸಲ್ಲುವುದು ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ ಶೇಕಡಾ 10 ಮಾತ್ರ, ಅದೂ ಒಂದೇ ಬಾರಿ. ಒಣಬೇಸಾಯದ ನಾಡಿನಲ್ಲಿ ಕೃಷಿಹೊಂಡ ತೋಡಿರಿ, ಬದುವಿಗೆ ಮರ ನೆಡಿರಿ ಎಂದು ಒಂದು ಇಲಾಖೆ ಉಪದೇಶಿಸುತ್ತಿರುವಾಗ ಇನ್ನೊಂದು ಕಾನೂನು ಅದನ್ನೇ ನಿಷೇಧಿಸುತ್ತದೆ. ನಿಷೇಧಕ್ಕೆ ಸಕಾರಣವಿದೆ, ಮರದ ಬೇರು ಹೊದಿಕೆಯನ್ನು ಸೀಳಬಲ್ಲದು. ಆದರೆ ಚಿಕ್ಕ ಹಿಡುವಳಿಯ ನಡುವೆಯೇ ಕೊಳವೆ ಹಾದುಹೋದವನಿಗೆ ಶೇಕಡಾ 10 ನ್ಯಾಯವೆಂದು ಯಾವ ತಕ್ಕಡಿಯಲ್ಲಿ ತೂಗಿದ್ದು?

ಪಾದೂರಿನ ಬಂಡೆಯ ಹೊಟ್ಟೆಯಲ್ಲಿ ಪ್ರಶ್ನೆ ನೀರಿನದು. ಸುಮಾರು 30 ಮೀಟರ್ ಎತ್ತರ, 20 ಮೀಟರ್ ಅಗಲದ ಆ ಗುಹೆಗಳಿಗೆ ತೈಲವನ್ನು ತಡೆಯುವ ಉಕ್ಕಿನ ಒಳಪದರವಿಲ್ಲ. ತೈಲವನ್ನು ಹಿಡಿದಿಡುವುದು ಅಂತರ್ಜಲ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ನೀರಿನ ಒತ್ತಡ ಗುಹೆಯೊಳಗಿನ ಒತ್ತಡಕ್ಕಿಂತ ಹೆಚ್ಚಿದ್ದರೆ ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ತೈಲ ಹೊರಕ್ಕೆ ಹೋಗದು. ಇದಕ್ಕಾಗಿಯೇ ಗುಹೆಯ ಮೇಲ್ಭಾಗದಲ್ಲಿ ಸುರಂಗ ಕೊರೆದು, ರಂಧ್ರಗಳ ಮೂಲಕ ನೀರು ತುಂಬಿಸಿ 'ನೀರಿನ ಪರದೆ'ಯನ್ನು ನಿರ್ಮಿಸುತ್ತಾರೆ. ಒಳಗೆ ಜಿನುಗಿದ ನೀರನ್ನು ಮೇಲೆತ್ತಿ ಶುದ್ಧೀಕರಿಸಬೇಕು. ಅಂದರೆ ಊರಿನ ಬಾವಿಗೂ ಸರ್ಕಾರದ ಗುಹೆಗೂ ಬೇಕಾದದ್ದು ಒಂದೇ, ಕುಸಿಯದ ಅಂತರ್ಜಲ. ನಿರ್ಮಾಣ ಕಾಲದ ಸ್ಫೋಟಗಳಿಂದ ಮನೆಯ ಗೋಡೆಗಳು ಬಿರಿದವೆಂದು ದೂರಿದ ಆ ಜನರ ನೆರೆಯಲ್ಲಿಯೇ ಮತ್ತೆ 25 ಲಕ್ಷ ಟನ್ನಿನ ಗುಹೆಗಳನ್ನು ತೋಡಲು 2021ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿಗೆಯಿತ್ತಿತು. ಅವರ ಬಾವಿಗಳ ನೀರಿನ ಮಟ್ಟ, ನೀರಿನ ಗುಣ ಎರಡನ್ನೂ ತಿಂಗಳಿಗೊಮ್ಮೆ ಅಳೆದು ಪಂಚಾಯಿತಿಯ ಗೋಡೆಗೆ ಹಚ್ಚುವುದು ಕಂಪನಿಗೂ ಲಾಭದ ಕೆಲಸವೇ.

ಘಟ್ಟದ ಇಳಿಜಾರಿನಲ್ಲಿ ಇನ್ನೊಂದು ಚಿಂತೆ ಸೇರಿಕೊಳ್ಳುತ್ತದೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಒಯ್ಯುವ 362 ಕಿಲೋಮೀಟರ್ ಉದ್ದದ ಕೊಳವೆ ಬೆಳ್ತಂಗಡಿಯ ನೆರಿಯದಲ್ಲಿ ಪಂಪಿನ ಬಲ ಪಡೆದು ಘಟ್ಟ ಹತ್ತುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟ ಕುಸಿದದ್ದು ಇದೇ ಸೀಮೆಯಲ್ಲಿ. ಗುಡ್ಡ ಪೂರ್ತಿ ಜಾರಬೇಕೆಂದೇನಿಲ್ಲ. ಮಣ್ಣು ಗೇಣುದ್ದ ಸರಿದರೂ ಉಕ್ಕು ಬಾಗುತ್ತದೆ. ಹಾಗೆ ಸರಿದದ್ದನ್ನು ಮೊದಲು ಕಾಣುವವರು ಅಲ್ಲಿಯ ಸೊಪ್ಪು ತರುವವರು, ತೋಟ ಕಾಯುವವರು. ತಿರುಗಾಟದ ಕಾವಲುಗಾರ ಬರುವ ಹೊತ್ತಿಗೆ ಬಿರುಕಿನ ಮೇಲೆ ಹುಲ್ಲು ಬೆಳೆದಿರಬಹುದು.

ಮುಂಗಾರಿಗೆ ಮುನ್ನ ಪ್ರತಿ ಗ್ರಾಮಸಭೆಗೂ ಕಂಪನಿಯ ಅಭಿಯಂತರರೊಬ್ಬರು ಬಂದು, ಕೊಳವೆ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಆಳದಲ್ಲಿದೆ, ಕಳೆದ ವರ್ಷದ ವೋಲ್ಟಿನ ಅಳತೆ ಎಷ್ಟಿತ್ತು, ಒಳಗಿನ ಪರೀಕ್ಷೆ ಎಂದು ನಡೆಯಿತು ಎಂಬುದನ್ನು ಕನ್ನಡದಲ್ಲಿ ಓದಿ ಹೇಳಲಿ. ಎರೆ ಬಿರುಕಿನಲ್ಲಿ ಕೊಳವೆ ಕಂಡರೆ, ಬೆಳೆ ಕಾರಣವಿಲ್ಲದೆ ಹಳದಿಯಾದರೆ ಯಾರಿಗೆ ತಿಳಿಸಬೇಕೆಂಬ ದೂರವಾಣಿ ಸಂಖ್ಯೆ ಬದುವಿನ ಕಂಬದ ಮೇಲೆ ಓದುವಂತಿರಲಿ. ಇದನ್ನು ಕೇಳಲು ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಒಂದು ಠರಾವು ಬರೆಸಿದರಾಯಿತು.