ಗುರಿ ಗೊತ್ತುಮಾಡುವವರು ಯಾರು?

ಕಂಪೆನಿಗಳ ಮುಖ್ಯಾಧಿಕಾರಿಗಳ ಸಂಬಳದ ವಿಚಾರ ತೋಟದವರಾದ ನಮಗೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ನಮ್ಮಲ್ಲಿ ಕೆಲವರು ಷೇರುದಾರರು. ಇನ್ನು ಕೆಲವರ ಉಳಿತಾಯ ಮ್ಯೂಚುವಲ್ ಫಂಡುಗಳ ಮೂಲಕ ಕಂಪೆನಿಗಳಲ್ಲಿದೆ. ಹಣ ನಮ್ಮದಾದ ಮೇಲೆ ಕೇಳುವ ಹಕ್ಕೂ ನಮ್ಮದೇ.

ದುಡಿದವರಿಗೆ ಹೆಚ್ಚು ಕೊಡುವುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಲಾಭ ಇಷ್ಟಾದರೆ, ಷೇರಿನ ಬೆಲೆ ಇಷ್ಟಕ್ಕೇರಿದರೆ ಇಂತಿಷ್ಟು ಇನಾಮು ಎಂದು ಆಡಳಿತ ಮಂಡಳಿ ಗುರಿ ಗೊತ್ತುಮಾಡುತ್ತದೆ. ಆ ಗುರಿ ನಿಜವಾಗಿಯೂ ಕಷ್ಟದ್ದೇ, ಅದನ್ನು ಗೊತ್ತುಮಾಡಿದವರು ಯಾರಿಗೆ ಬೇಕಾದವರು ಎಂಬುದೇ ಪ್ರಶ್ನೆ.

ಅಮೆರಿಕದ ಟೆಸ್ಲಾ ಕಂಪೆನಿ 2018ರಲ್ಲಿ ಎಲಾನ್ ಮಸ್ಕ್ ಅವರಿಗೆ 12 ಮೆಟ್ಟಿಲುಗಳ ಗುರಿ ಗೊತ್ತುಮಾಡಿತು. 2024ರ ಜನವರಿಯಲ್ಲಿ ಡೆಲವೇರ್ ರಾಜ್ಯದ ನ್ಯಾಯಾಲಯ ಅದನ್ನು ರದ್ದುಮಾಡಿತು. ಮಂಡಳಿಯ ಪ್ರಮುಖರು ಅವರಿಗೆ ಆಪ್ತರು. ಕೆಲವು ಗುರಿಗಳನ್ನು ಬೇಗನೆ ಮುಟ್ಟಬಹುದೆಂದು ಕಂಪೆನಿಯ ಲೆಕ್ಕಾಚಾರವೇ ಹೇಳುತ್ತಿದ್ದುದನ್ನು ಷೇರುದಾರರಿಗೆ ತಿಳಿಸಲಿಲ್ಲ ಎಂದಿತು. 2025ರ ಡಿಸೆಂಬರಿನಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಆರು ವರ್ಷದ ದುಡಿಮೆಗೆ ಏನೂ ಇಲ್ಲದಂತೆ ಮಾಡುವುದು ಸಲ್ಲದೆಂದು ಒಪ್ಪಂದವನ್ನು ಉಳಿಸಿತು. ದುಡಿಮೆಗೆ ಪ್ರತಿಫಲ ಬೇಕೆಂಬುದು ಸರಿಯೇ. ಆದರೆ ಗುರಿಯ ನಿಜಸ್ಥಿತಿ ಮೊದಲೇ ಬಯಲಾಗಿದ್ದರೆ ಇಷ್ಟು ವ್ಯಾಜ್ಯವೇ ಬೇಕಿರಲಿಲ್ಲ.

ಅದೃಷ್ಟವನ್ನು ದುಡಿಮೆಯಿಂದ ಬೇರೆಮಾಡುವುದೂ ಅಗತ್ಯ. 1994ರಲ್ಲಿ ಬ್ರೆಜಿಲ್ಲಿನ ತೋಟಗಳು ಹಿಮಕ್ಕೆ ಸುಟ್ಟು ಕಾಫಿಯ ಬೆಲೆ ಏರಿತು. ಅದು ನಮ್ಮ ಜಾಣತನದ ಫಲವಾಗಿರಲಿಲ್ಲ. ಪೇಟೆ ಏರಿದಾಗ ಇನಾಮು ಪಡೆದು, ಇಳಿದಾಗ ಕಾಲ ಕೆಟ್ಟಿತೆಂದು ಗುರಿಯನ್ನೇ ತಗ್ಗಿಸಿಕೊಳ್ಳುವುದು ನ್ಯಾಯವಲ್ಲ. ಕೊಳೆರೋಗಕ್ಕೆ ಅಡಿಕೆ ಉದುರಿದ ವರ್ಷ ನಮ್ಮ ಸಾಲದ ಕಂತು ತಾನಾಗಿ ತಗ್ಗುವುದುಂಟೆ?

ನಮ್ಮ ದೇಶದ 2013ರ ಕಂಪೆನಿ ಕಾಯಿದೆ ಸಾರ್ವಜನಿಕ ಕಂಪೆನಿಯ ನಿರ್ದೇಶಕರು ಹಾಗೂ ವ್ಯವಸ್ಥಾಪಕರ ಒಟ್ಟು ಸಂಭಾವನೆಗೆ ನಿವ್ವಳ ಲಾಭದ ಶೇಕಡ 11ರ ಮಿತಿ ಹಾಕಿದೆ. ಮೀರಬೇಕಾದರೆ ಮಹಾಸಭೆಯ ಒಪ್ಪಿಗೆ ಬೇಕು. ಷೇರುಪೇಟೆಯ ಕಂಪೆನಿಗಳು ನೌಕರರನ್ನು ಸಂಬಳದ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟನಡುವೆ ಬರುವವರ ವೇತನಕ್ಕೆ ನಿರ್ದೇಶಕರ ವೇತನ ಎಷ್ಟು ಪಟ್ಟು ಎಂಬುದನ್ನೂ ವರದಿಯಲ್ಲಿ ತೋರಿಸಬೇಕು. ಇದು ಒಳ್ಳೆಯದೇ, ಆದರೆ ಸಾಲದು. ಗುರಿಗಳನ್ನು ವರ್ಷ ಆರಂಭವಾಗುವ ಮೊದಲೇ ಬಹಿರಂಗಪಡಿಸಬೇಕು. ನಡುವೆ ಬದಲಾಯಿಸಿದರೆ ಕಾರಣ ಕೊಡಬೇಕು. ಪೇಟೆಯ ಏರಿಕೆಯಿಂದ ಬಂದ ಲಾಭವನ್ನು ಬೇರೆಯಾಗಿ ತೋರಿಸಬೇಕು.

ವಾರ್ಷಿಕ ವರದಿ ಕೈಗೆ ಬಂದಾಗ ಲಾಭಾಂಶದ ಪುಟವನ್ನಷ್ಟೇ ನೋಡಿ ಮಡಿಸಿಡದೆ, ಸಂಭಾವನೆಯ ಪುಟವನ್ನೂ ಓದಿ, ಮತ ಕೇಳಿದಾಗ ತಪ್ಪದೆ ಚಲಾಯಿಸಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ. ಇದೇ ಅಳತೆ ನಮ್ಮ ಸಂಘಕ್ಕೂ ಸಲ್ಲುತ್ತದೆ. ಸರ್ವ ಸದಸ್ಯರ ಸಭೆಯಲ್ಲಿ ಯಾರು ಕೇಳಿದರೂ ಉತ್ತರ ಕೊಡಬೇಕಾದುದು ನಮ್ಮ ಕರ್ತವ್ಯ.